ಗೋಡೆಗೆ ಹಚ್ಚಿ ಕೂರಿಸಿದ ಮಷೀನು

ಇದನ್ನು ಹೇಳುವುದು ನನಗೆ ತಕ್ಕದ್ದೋ ಅಲ್ಲವೋ ಎಂದು ಬಹಳ ಸಲ ಯೋಚಿಸಿದ್ದೇನೆ. ಒಂದು ಮನೆಯ ಗೋಡೆಯ ಈ ಕಡೆಯೂ ಆ ಕಡೆಯೂ ಕೂತು ಕಾಫಿ ಕುಡಿದವನು ಆ ಮನೆಯ ಮಾತನ್ನು ಹೊರಗೆ ಆಡಬಾರದು. ಬರೆಯುವ ರೂಢಿಯೂ ನನಗಿಲ್ಲ. ಹಗಲು ಮಷೀನು ಬಿಚ್ಚಿ ಜೋಡಿಸುವ ಕೆಲಸ, ಓದಿದ್ದು ಸಂಜೆ ಕಾಲೇಜಿನಲ್ಲಿ ಅಷ್ಟಿಷ್ಟು. ಆದರೆ ಆನವಟ್ಟಿಯಲ್ಲಿ ಈಗ ಇದನ್ನು ನಗುವುದಕ್ಕೆ ಹೇಳುತ್ತಾರೆ, ಹಾಗೆ ಹೇಳುವಾಗ ಅರ್ಧ ಬಿಟ್ಟುಬಿಡುತ್ತಾರೆ. ಆ ಅರ್ಧಕ್ಕಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಕ್ಷಮಿಸಬೇಕು.

ನಾನು ಕೆಲಸ ಮಾಡುವುದು ಶಿಕಾರಿಪುರದಲ್ಲಿ, ಜಹಾಂಗೀರ್ ಸಾಹೇಬರ ಅಂಗಡಿಯಲ್ಲಿ. ಮರಗೆಲಸದ, ಕಬ್ಬಿಣದ ಕೆಲಸದ ಮಷೀನುಗಳನ್ನು ಮಾರುತ್ತೇವೆ. ಹಳೆಯವನ್ನು ಕೊಂಡು, ರಿಪೇರಿ ಮಾಡಿ ಮಾರುವುದೂ ಉಂಟು. ಸದಾಶಿವಪ್ಪನವರು ಅಲ್ಲಿಗೆ ಬಂದದ್ದು ಮನೆಯಲ್ಲೇ ಒಂದು ವರ್ಕ್‌ಶಾಪ್ ಮಾಡಿಕೊಳ್ಳಬೇಕು ಎಂದು. ಅವರದು ಆನವಟ್ಟಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಆಗ ತಾನೇ ಆರಾಮಾಗಿದ್ದರು.

"ಮೊಬೈಲಲ್ಲಿ ನೋಡ್ತೀನ್ರೀ ಸಾಹೇಬ್ರೇ," ಎಂದರು. "ಆ ಫಾರಿನ್ನೋರು ಕಾರು ನಿಲ್ಸೋ ಜಾಗದಾಗೆ ಎಲ್ಲಾ ಇಟ್ಕೊಂಡಿರ್ತಾರೆ. ನಂಗೂ ಹಂಗೇ ಬೇಕು."

ಸಾಹೇಬರಿಗೆ ಖುಷಿಯಾಯಿತು. ಹೊಸ ನಮೂನೆಯ ರಂಧಾ ಮಷೀನನ್ನು ತೋರಿಸಿದರು. ಹಲಗೆಯ ಮೈಯನ್ನು ಹೆರೆದು ನುಣ್ಣಗೆ ಮಾಡುವ ಮಷೀನು ಅದು. "ಚಾಲೂ ಮಾಡ್ರೀ," ಎಂದರು ಸದಾಶಿವಪ್ಪ. ನಾನು ಸ್ವಿಚ್ ಒತ್ತಿದೆ. ಅವರು ಹಲಗೆ ನೋಡಲಿಲ್ಲ, ಕಣ್ಣು ಮುಚ್ಚಿ ನಿಂತರು.

"ಇದೇನ್ರೀ, ಬೆಕ್ಕು ಮಲಗಿದಂಗೆ ಐತೆ. ಆ ಮೂಲೆಯಾಗಿರೋದು?"

"ಅದು ಹಳೇದು. ಯಾವುದೋ ಸಾಮಿಲ್ಲಿಂದ ಬಂದದ್ದು. ಭಾಳ ಗಲಾಟೆ ಮಾಡ್ತದೆ, ಮನೆಗೆ ಬೇಡ."

"ಚಾಲೂ ಮಾಡ್ರೀ."

ಚಾಲೂ ಮಾಡಿದರೆ ಅಂಗಡಿಯ ಮೇಲಿನ ತಗಡೆಲ್ಲ ನಡುಗಿತು. ಪಕ್ಕದ ಟೀ ಅಂಗಡಿಯವನು ಹೊರಗೆ ಬಂದು ನೋಡಿದ. ಸದಾಶಿವಪ್ಪನವರ ಮುಖ ಅರಳಿತು. "ಇದಿರಲಿ," ಎಂದರು.

ಕಬ್ಬಿಣದ ಪೈಪು ಕತ್ತರಿಸುವ ಕಟಿಂಗ್ ಮಷೀನು, ದೊಡ್ಡ ಗ್ರೈಂಡರ್, ಮರ ಕೊಯ್ಯುವ ಕಟರ್, ಎಲ್ಲವನ್ನೂ ಹಾಗೆಯೇ ಆರಿಸಿದರು. ಮರವನ್ನು ತಿರುಗಿಸಿ ಕಡೆಯುವ ಒಂದು ಸಣ್ಣ ಲೇಥನ್ನೂ ನೋಡಿದರು. ಅದು ಹದವಾಗಿ ಗುಂಯ್ ಎನ್ನುತ್ತಿತ್ತು. ಬೇಡವೆಂದರು. ಅವರು ಹೋದ ಮೇಲೆ ಸಾಹೇಬರು ನಕ್ಕರು. "ಸದ್ದು ಕಮ್ಮಿ ಆಯ್ತು ಅಂತ ಮಾಲು ಬಿಟ್ಟು ಹೋದೋನು ಇವನೊಬ್ಬನೇ ಕಣೋ ಈಶ್ವರ್. ಮದುವೆ ಬ್ಯಾಂಡ್ ಗಿಂಡ್ ಶುರು ಮಾಡ್ತಾನೇನೋ ನೋಡು."

ಕಾರಣ ತಿಳಿದದ್ದು ಮಷೀನು ಕೂರಿಸಲು ಆನವಟ್ಟಿಗೆ ಹೋದಾಗ. ಹಳೆಯ ದೊಡ್ಡ ಮನೆ, ನಡುವೆ ಹೊಸದಾಗಿ ಸಿಮೆಂಟ್ ಇಟ್ಟಿಗೆಯ ಗೋಡೆ. ಗಿಲಾವು ಕೂಡ ಮಾಡಿರಲಿಲ್ಲ. ಗೋಡೆಯ ಆ ಕಡೆ ಅವರ ತಂಗಿ ಗಂಗಾಶ್ರೀ. ಉಡುತಡಿಗೆ ಕೊಟ್ಟಿದ್ದರಂತೆ. ಗಂಡನನ್ನು ಬಿಟ್ಟು ಬಂದು, ಅಪ್ಪನ ಮನೆಯಲ್ಲಿ ತನ್ನ ಪಾಲು ಕೇಳಿ, ಕೋರ್ಟಿಗೆ ಹೋಗಿ, ಅರ್ಧ ಮನೆ ತೆಗೆದುಕೊಂಡಿದ್ದರು. ಆ ಅರ್ಧದ ಮುಂದಿನ ಕೋಣೆಯಲ್ಲಿ ಬೆಳಿಗ್ಗೆ, ಸಂಜೆ ಶಾಲೆಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಅವರ ಅನ್ನ ಅದೊಂದರಿಂದಲೇ.

ಸದಾಶಿವಪ್ಪನವರು ಟ್ಯೂಷನ್ ಕೋಣೆಗೆ ಸರಿಯಾಗಿ ಗೋಡೆಯ ಬುಡದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದರು. "ಇಲ್ಲಿ. ಗೋಡೆಗೆ ಹಚ್ಚಿ."

"ಹಿಂದಿನ ಶೆಡ್ಡು ಖಾಲಿ ಇದೆಯಲ್ಲ ಸರ್. ಅಲ್ಲಿ ಗಾಳಿಯೂ ಚೆನ್ನಾಗಿ ಬರ್ತದೆ. ಇಲ್ಲೇ ಆಗಬೇಕು ಅಂದ್ರೆ ಕೆಳಗೊಂದು ರಬ್ಬರ್ ಆದರೂ ಹಾಕೋಣ, ಗೋಡೆ ಅದುರ್ತದೆ."

"ಅದುರ್ಲಿ ತಮ್ಮಾ. ಅದುರ್ಲಿ ಅಂತ್ಲೇ." ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿದರು. "ಹೆಣ್ಮಕ್ಳು ಅರಿಶಿನ ಕುಂಕುಮಕ್ಕೆ ಬರ್ಬೇಕು, ಹಿಸ್ಸೆಗೆ ಬರ್ಬಾರ್ದು. ಬಂದಾಳೆ. ಇರ್ಲಿ, ಕೋರ್ಟು ಮನೆ ಕೊಡ್ಸಿರ್ಬೋದು, ನಿದ್ದೆ ಕೊಡ್ಸ್ತದೇನು? ಮಕ್ಳು ಬಿಟ್ಟು ಹೋಗ್ತಾವೆ, ಅವಳು ಬರ್ಕೊಟ್ಟು ಹೋಗ್ತಾಳೆ. ಅವತ್ತೇ ಸ್ವಿಚ್ ಆಫ್."

ಕೆಲಸ ಮುಗಿಸಿ ಬಂದು ಸಾಹೇಬರಿಗೆ ಹೇಳಿದೆ. "ಚಾಕು ಮಾರೋನು ಈರುಳ್ಳಿ ಹೆಚ್ತೀಯೋ ಕುತ್ತಿಗೆ ಕುಯ್ತೀಯೋ ಅಂತ ಕೇಳೋಕಾಗ್ತದೇನೋ?" ಎಂದರು. ಆದರೂ ಮನಸ್ಸು ತಡೆಯದೆ, ಕಿವಿಗೆ ಹಾಕಿಕೊಳ್ಳುವ ದಪ್ಪ ಮುಚ್ಚಳದ ಜೊತೆಯೊಂದನ್ನು ನನ್ನ ಕೈಯಲ್ಲಿ ಅವರಿಗೆ ಪುಕ್ಕಟೆ ಕೊಟ್ಟು ಕಳಿಸಿದರು. ಸದಾಶಿವಪ್ಪ ಅದನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟರು.

"ಕಿವಿ ಮುಚ್ಕೊಂಡ್ರೆ ಆ ಕಡೆ ಪಾಠ ನಿಂತೈತೋ ನಡೆದೈತೋ ನಂಗೆ ಹೆಂಗ್ ತಿಳೀಬೇಕು?"

ಅಂದಿನಿಂದ ಟ್ಯೂಷನ್ ಶುರುವಾದರೆ ಮಷೀನೂ ಶುರು. ಅವರು ಏನನ್ನೂ ಮಾಡುತ್ತಿರಲಿಲ್ಲ. ಒಂದು ಸ್ಟೂಲು, ಒಂದು ಮಣೆ ಕೂಡ ಇಲ್ಲ. ಒಂದು ಸಾಗುವಾನಿ ಹಲಗೆಯನ್ನು ರಂಧಾಕ್ಕೆ ಕೊಟ್ಟು, ತಿರುಗಿಸಿ ಕೊಟ್ಟು, ಮತ್ತೆ ಕೊಟ್ಟು, ಅದು ಹಪ್ಪಳದಷ್ಟು ತೆಳ್ಳಗಾಗಿ ಮುರಿಯುವ ತನಕ ಹೆರೆಯುತ್ತಿದ್ದರು. ಆಮೇಲೆ ಇನ್ನೊಂದು ಹಲಗೆ. ಬೇಸರವಾದರೆ ಕಬ್ಬಿಣದ ಪೈಪನ್ನು ಚೂರು ಚೂರು ಕತ್ತರಿಸುತ್ತಿದ್ದರು. ಅವರ ಹೆಂಡತಿ ರಾಜೇಶ್ವರಮ್ಮ ಮರದ ಹೊಟ್ಟನ್ನು ಗೋಣಿಗೆ ತುಂಬಿ ಸ್ನಾನದ ಒಲೆಗೆ ಹಾಕುತ್ತಿದ್ದರು. "ಸಾಗುವಾನಿ ಹಲಗೆ ತಂದು ನೀರು ಕಾಯ್ಸ್ತೀವಿ ಕಣೋ ತಮ್ಮಾ ನಾವು," ಎಂದರು ನನಗೆ. "ಸಾವ್ಕಾರ್ರು."

ನಡುನಡುವೆ ಮಷೀನು ನಿಲ್ಲಿಸಿ, ಎರಡೂ ಮನೆಗೆ ಸೇರಿದ ಜಗಲಿಗೆ ಹೋಗಿ, ತಂಗಿಯ ಕೋಣೆಯ ಕಿಟಕಿಯಲ್ಲಿ ಇಣುಕುತ್ತಿದ್ದರು. ಎಷ್ಟು ಮಕ್ಕಳು ಉಳಿದಿದ್ದಾರೆ ಎಂದು ನೋಡುವುದಕ್ಕೆ. ಮಕ್ಕಳು ಕಡಿಮೆಯಾಗುತ್ತಲೇ ಇದ್ದರು. ಗಂಗಾಶ್ರೀ ಪಟ್ಟಣ ಪಂಚಾಯಿತಿಗೂ ಹೋಗಿ ಬಂದರು. ಹಗಲು ಹೊತ್ತು, ಸ್ವಂತ ಮನೆ, ಅಣ್ಣ ತಂಗಿ ಮಾತಾಡಿಕೊಳ್ಳಿ ಎಂದು ಅಲ್ಲಿ ಹೇಳಿ ಕಳಿಸಿದರಂತೆ. ಬ್ಲೇಡು ಹರಿತ ಮಾಡಲು ಹೋದಾಗೊಮ್ಮೆ ಗಂಗಾಶ್ರೀ ನನ್ನನ್ನು ಜಗಲಿಗೆ ಕರೆದು ಕಾಫಿ ಕೊಟ್ಟರು. ಕೂಗಿ ಕೂಗಿ ಅವರ ದನಿ ಒಡೆದು ಹೋಗಿತ್ತು.

"ಇನ್ನೆಷ್ಟು ಕಾಲ ಬಾಳಿಕೆ ಬರ್ತದೆ ಇದು, ಈಶ್ವರ್?"

"ಮಷೀನಾ? ಎಣ್ಣೆ ಹಾಕ್ತಾ ಇದ್ರೆ ಬಹಳ ವರ್ಷ ಮೇಡಂ."

"ಹೌದಾ," ಎಂದರು. "ಹಾಗಾದ್ರೆ ನಾನೇ ಮೊದಲು ಕೆಡ್ತೀನಿ. ಇನ್ನು ನಾಲ್ಕು ಮಕ್ಕಳು ಬಿಟ್ಟರೆ ಮನೆ ಅವನಿಗೇ."

ಮಳೆಗಾಲ ಕಳೆದ ಮೇಲೆ ಸದಾಶಿವಪ್ಪ ಅಂಗಡಿಗೆ ಫೋನ್ ಮಾಡಿ ಬೈದರು. ಗ್ರೈಂಡರ್ ಆಫ್ ಮಾಡಿದರೂ ಸಿಳ್ಳೆ ಹೊಡೆಯುತ್ತದೆ, ಎಂಥ ಮಾಲು ಕೊಟ್ಟಿದ್ದೀರಿ ಎಂದು. ನಾನು ಹೋದೆ. ಅವರು ಸ್ವಿಚ್ ಆಫ್ ಮಾಡಿ, ಪ್ಲಗ್ಗನ್ನೂ ಕಿತ್ತು ಕೈಯಲ್ಲಿ ಹಿಡಿದು ನಿಂತರು.

"ಕೇಳು. ಕುಂಯ್ ಅಂತೈತಲ್ಲ, ಕೇಳು."

ಏನೂ ಇರಲಿಲ್ಲ. ರಾಜೇಶ್ವರಮ್ಮನೂ ಬಂದು ಕಿವಿಗೊಟ್ಟರು. "ಎಂಥದೂ ಇಲ್ಲ ಮಾರಾಯ್ರೇ," ಎಂದರು.

"ಏನು?"

"ಎಂಥದೂ ಇಲ್ಲ ಅಂದೆ!"

"ಸ್ವಲ್ಪ ಬಾಯ್ಬಿಟ್ಟು ಮಾತಾಡೇ," ಎಂದು ರೇಗಿದರು. ಗೋಡೆಯ ಆ ಕಡೆಯಿಂದ ಯಾರೋ ನಕ್ಕದ್ದು ನನಗೆ ಕೇಳಿಸಿತು. ಅವರಿಗೆ ಕೇಳಿಸಲಿಲ್ಲ.

ಶಿವಮೊಗ್ಗದ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಗದ್ದಲದಿಂದ ಕಿವಿ ಹಾಳಾಗಿದೆ ಎಂದರು. ಹೀಗಾದವರಿಗೆ ಬಸ್ಸಿನ ಹಾರ್ನು, ಕಾಗೆಯ ಕೂಗು ಕೇಳಿಸಿದರೂ ಮನುಷ್ಯರ ಮಾತು ಸ್ಪಷ್ಟವಾಗುವುದಿಲ್ಲ ಎಂದೂ ಹೇಳಿದರು. ಸದಾಶಿವಪ್ಪ ಅದನ್ನು ಮೆಕ್ಕೆಜೋಳದ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿದರು. ತಮ್ಮ ಜೊತೆ ಎಂಥ ಆಟ ಆಡಬಹುದು ಎಂದು ಊರಿಗೆ ಅವರೇ ತಿಳಿಸಿದಂತಾಯಿತು.

ಮೊದಲು ಮಾಡಿದವಳು ಸುಷ್ಮಿತಾ ಎಂಬ ಎಂಟನೆಯ ತರಗತಿಯ ಹುಡುಗಿ, ಅದೂ ಬೇಕೆಂದಲ್ಲ. ಗಂಟಲು ಕಟ್ಟಿದ್ದರಿಂದ ಅವತ್ತು ಮಗ್ಗಿಯನ್ನು ತುಟಿಯಲ್ಲೇ ಹೇಳುತ್ತಿದ್ದಳಂತೆ. ಸದಾಶಿವಪ್ಪ ಮಷೀನು ನಿಲ್ಲಿಸಿ ಬಂದು ಕಿಟಕಿಯಲ್ಲಿ ನಿಂತರು. ಹುಡುಗಿಯ ಬಾಯಿ ಆಡುತ್ತಿದೆ, ಮಾತಿಲ್ಲ. ಅವರು ಕಿಟಕಿಯ ಸರಳು ಹಿಡಿದುಕೊಂಡರು. ಕಿರುಬೆರಳನ್ನು ಕಿವಿಗೆ ಹಾಕಿ ಅಲ್ಲಾಡಿಸಿ ಮತ್ತೆ ನೋಡಿದರು.

"ಅಣ್ಣನ ಮುಖ ನೀವು ನೋಡ್ಬೇಕಿತ್ತು ಈಶ್ವರ್," ಎಂದು ಗಂಗಾಶ್ರೀ ಮುಂದೆ ನನಗೆ ಹೇಳಿದರು. ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. "ಅಪ್ಪ ಸತ್ತಾಗಲೂ ಹಾಗೆ ಹೆದರಿರಲಿಲ್ಲ."

ಮರುದಿನ ಅವರು ಉಳಿದ ಮಕ್ಕಳಿಗೆಲ್ಲ ಹೇಳಿಕೊಟ್ಟರು. ಅಣ್ಣ ಕಿಟಕಿಗೆ ಬಂದ ಕೂಡಲೇ ಎಲ್ಲರೂ ಬಾಯಿ ದೊಡ್ಡದಾಗಿ ತೆರೆದು ಪದ್ಯ ಹೇಳಬೇಕು, ದನಿ ಮಾತ್ರ ಹೊರಡಬಾರದು. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇಕೆ? ಬಿಟ್ಟು ಹೋದವರೂ ಇದನ್ನು ನೋಡುವುದಕ್ಕೆ ಬಂದು ಸೇರಿದರು. ನಾನೂ ಒಂದು ಸಂಜೆ ನೋಡಿದೆ. ಸಾಲಾಗಿ ಕೂತ ಮಕ್ಕಳು, ಎಲ್ಲರ ಬಾಯಿಯೂ ಆಡುತ್ತಿದೆ, ಕತ್ತಿನ ನರ ಉಬ್ಬಿದೆ, ಗಂಗಾಶ್ರೀ ಕೈಯೆತ್ತಿ ತಾಳ ಹಾಕುತ್ತಿದ್ದಾರೆ, ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಕಿಟಕಿಯಲ್ಲಿ ಆ ಮನುಷ್ಯ. ನಾನು ಅಲ್ಲಿ ನಿಲ್ಲದೆ ಹೊರಗೆ ಬಂದೆ. ಆದರೆ ಮೊದಲ ಕ್ಷಣ ನನಗೂ ನಗು ಬಂದಿತ್ತು, ಅದನ್ನು ಮುಚ್ಚಿಡುವುದು ಸರಿಯಲ್ಲ.

ಸದಾಶಿವಪ್ಪ ಡಾಕ್ಟರು ಕೊಟ್ಟ ಕಿವಿಯ ಮಷೀನು ಹಾಕಿಕೊಂಡರು. ಬಾಯಿಗಳು ಹಾಗೆಯೇ ಆಡಿದವು. ಅದೂ ಪ್ರಯೋಜನವಿಲ್ಲ ಎಂದು ಬಿಸಾಡಿದರು. ಬೀದಿಯ ಹುಡುಗರೂ ಆ ಆಟ ಕಲಿತರು. ಆಮೇಲೆ ಕ್ಷೌರದ ಅಂಗಡಿಯವರು, ಬಸ್ ಸ್ಟ್ಯಾಂಡಿನ ಆಟೋದವರು. "ಏನ್ ಸದಾಶಿವಪ್ಪಾರೇ, ಆರಾಮಾ?" ಎಂದು ತುಟಿಯಲ್ಲಿ ಕೇಳಿ, ಅವರು ಕಿವಿ ಮುಂದೆ ಮಾಡಿದರೆ ಇನ್ನೂ ಉದ್ದಕ್ಕೆ ತುಟಿಯಾಡಿಸುವುದು. ಕೊನೆಗೆ ರಾಜೇಶ್ವರಮ್ಮನೂ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟೆ, "ನೀವೂ ಹಿಂಗೆ ಮಾಡಿದ್ರೆ ಹೆಂಗಮ್ಮಾ?"

"ಮೂವತ್ತು ವರ್ಷ ಬಾಯ್ಬಿಟ್ಟು ಮಾತಾಡಿದೆ ತಮ್ಮಾ. ಕೇಳಿಸ್ಕೊಂಡ್ರಾ?" ಎಂದರು ಅವರು. "ಈಗ ನನ್ ಬಾಯಿಯನ್ನ ನೋಡ್ತಾರಾದ್ರೂ."

ಸದಾಶಿವಪ್ಪ ಮಷೀನುಗಳನ್ನು ಮಾರಲು ಹೇಳಿ ಕಳಿಸಿದರು. ಬೋಲ್ಟು ಬಿಚ್ಚುವುದಕ್ಕೆ ಹೋದದ್ದು ನಾನೇ. ಅವರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡಿದೆ.

"ನಿಂದು ಕೇಳಿಸ್ತೈತೆ ತಮ್ಮಾ. ಮಂಜು ಮಂಜು, ಆದ್ರೂ ಕೇಳಿಸ್ತೈತೆ. ಉಳಿದೋರ್ದು ಯಾಕೆ ಕೇಳಿಸಲ್ಲ?"

ಹೇಳಬೇಕೋ ಬೇಡವೋ ಎಂದು ಸ್ಪ್ಯಾನರ್ ಕೈಯಲ್ಲಿ ಹಿಡಿದೇ ನಿಂತೆ. ಕೊನೆಗೆ ಹೇಳಿದೆ. "ಅವರು ಮಾತಾಡ್ತಾನೇ ಇಲ್ಲ ಸರ್. ಬರೀ ಬಾಯಾಡಿಸ್ತಾರೆ. ಬೇಕು ಅಂತ."

ಅವರಿಗೆ ಸರಿಯಾಗಿ ತಿಳಿಯಲಿಲ್ಲವೇನೋ ಎಂದು ಅದನ್ನೇ ಮೊಬೈಲಿನಲ್ಲಿ ದೊಡ್ಡ ಅಕ್ಷರದಲ್ಲಿ ಒತ್ತಿ ತೋರಿಸಿದೆ. ಮೊದಲು ಮಾಡಿಸಿದವರು ಯಾರು ಎಂದೂ ಸೇರಿಸಿದೆ. ಅವರು ಕನ್ನಡಕ ಹಾಕಿ ನಿಧಾನವಾಗಿ ಓದಿದರು. ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟರು.

"ಹೋಗೋ. ಹುಡುಗ್ರು ಮಾಡಿದ್ರೆ ಮಾಡ್ಬೋದು. ಗಂಗಾ ಮಾಡ್ತಾಳೇನು?" ಎಂದರು. "ನಾ ಅವಳಿಗೆ ಮಾಡಿದ್ದು ಅವಳಿಗೆ ಗೊತ್ತೈತೆ, ಇಲ್ಲ ಅನ್ನಲ್ಲ. ಆದ್ರೂ ಅವಳು ಅಂಥೋಳಲ್ಲ. ನಮ್ಮಪ್ಪನ ಮಗಳು. ಅವಳ ಮೇಲೆ ಇಲ್ಲದ್ದು ಹೇಳ್ಬೇಡ." ಗೋಡೆಯ ಕಡೆ ಕೈ ತೋರಿಸಿದರು. "ಇರ್ಲಿ ಬಿಡು, ಮನೆ ಅವಳಿಗೇ ಇರ್ಲಿ. ಕೇಳಿಸ್ದೇ ಇದ್ಮೇಲೆ ಓಡಿಸಿ ಏನ್ ಮಾಡ್ಲಿ?"

ಆ ಹೊತ್ತಿಗೆ ರಾಜೇಶ್ವರಮ್ಮ ಕಾಫಿ ತಂದರು. ನನ್ನ ಕಡೆ ತಿರುಗಿ, "ಸಕ್ಕರೆ ಕಮ್ಮಿ ಆದ್ರೆ ಹೇಳು," ಎಂದರು. ಗಂಡನ ಕಡೆ ತಿರುಗಿ ಬರೀ ತುಟಿ ಆಡಿಸಿದರು. ಸದಾಶಿವಪ್ಪ ನನ್ನ ಮುಖ ನೋಡಿದರು. "ಏನಂತಾಳೆ?"

"ಬಿಸಿ ಇರುವಾಗಲೇ ಕುಡೀರಿ ಅಂತಾರೆ," ಎಂದೆ ನಾನು, ಗಟ್ಟಿಯಾಗಿ.

ಮಷೀನುಗಳನ್ನು ಗಾಡಿಗೆ ಏರಿಸುವಾಗ ಗಂಗಾಶ್ರೀ ಜಗಲಿಗೆ ಬಂದರು. ಕೋಣೆಯ ತುಂಬ ಮಕ್ಕಳಿದ್ದರು. ಅಣ್ಣನ ಮಾತನ್ನು ಇದ್ದದ್ದು ಇದ್ದಂತೆ ಅವರಿಗೆ ಹೇಳಿದೆ. ಅವರು ಒಳಗೆ ಹೋದರು. ಇನ್ನು ಮೇಲೆ ಆ ಆಟ ಬೇಡ ಎಂದು ಮಕ್ಕಳಿಗೆ ಅವತ್ತೇ ಹೇಳಿದರಂತೆ. ಮಕ್ಕಳು ಕೋಣೆಯಲ್ಲಿ ಬಿಟ್ಟಿದ್ದಾರೆ, ಬೀದಿಯಲ್ಲಿ ಬಿಟ್ಟಿಲ್ಲ. ಊರಿನವರೂ ಬಿಟ್ಟಿಲ್ಲ. ಸದಾಶಿವಪ್ಪ ಈಗ ಯಾರ ಹತ್ತಿರವೂ ಮಾತಾಡುವುದಿಲ್ಲ, ಕರೆದರೂ ತಿರುಗುವುದಿಲ್ಲ.

ಅವರ ಕಿವಿ ಆ ರಂಧಾ, ಗ್ರೈಂಡರುಗಳಿಂದ ಎಷ್ಟು ಹೋಯಿತು, ಆ ಬಾಯಿಗಳಿಂದ ಎಷ್ಟು ಹೋಯಿತು, ನನಗೆ ಗೊತ್ತಿಲ್ಲ. ಫೋನಿನಲ್ಲಿ ಓದಿದ್ದನ್ನು ಅವರು ನಿಜವಾಗಿಯೂ ನಂಬಲಿಲ್ಲವೋ, ನಂಬಿಯೂ ಹಾಗೆ ಹೇಳಿದರೋ, ಅದೂ ಗೊತ್ತಿಲ್ಲ.