ಕುದುರೆಯ ಎರಡು ಹಲ್ಲು

ಹಲ್ಲು ಕಟ್ಟುವವನ ಕಣ್ಣು ಎದುರಿಗಿದ್ದವರ ಬಾಯಿಗೆ ಮೊದಲು ಹೋಗುತ್ತದೆ, ಮುಖಕ್ಕೆ ಆಮೇಲೆ. ನಮ್ಮ ಹಲ್ಲಿನ ಮೇಷ್ಟ್ರೂ ಹಾಗೇ. ಮೇಷ್ಟ್ರು ಅನ್ನುವುದು ಜನ ಇಟ್ಟ ಹೆಸರು. ಅವನು ಪಾಠ ಹೇಳುವವನೂ ಅಲ್ಲ, ಡಾಕ್ಟರೂ ಅಲ್ಲ. ಡಾಕ್ಟರುಗಳು ಅಳತೆ ತೆಗೆದು ಕಳಿಸಿದ್ದಕ್ಕೆ ತನ್ನ ವರ್ಕ್‌ಶಾಪಿನಲ್ಲಿ ಕೂತು ಹಲ್ಲಿನ ಸೆಟ್ಟು ಮಾಡಿಕೊಡುವವನು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಎಲ್ಲಿ ಸಂದಿ ಕಂಡರೂ ತುಂಬದೆ ಬಿಟ್ಟರೆ ಅವನಿಗೆ ಸಮಾಧಾನವಿಲ್ಲ. ಸ್ವಂತ ಮಾವನ ಬಾಯಲ್ಲಿರುವುದೂ ಅವನು ಕಟ್ಟಿದ ಹಲ್ಲೇ.

ಮಾವ ನೀರಿನ ಇಲಾಖೆಯಲ್ಲಿ ಮೀಟರ್ ಓದುತ್ತಿದ್ದವರು. ಕಂಡಷ್ಟನ್ನೇ ಬರೆಯಬೇಕು, ಅಂದಾಜಿಗೆ ಒಂದಂಕಿಯನ್ನೂ ಬರೆಯಬಾರದು ಅನ್ನುವುದು ಅವರ ಹಟ. ಆ ಹಟದಿಂದ ಕೆಲಸದಲ್ಲಿ ಎಷ್ಟು ಜನರ ವಿರೋಧ ಕಟ್ಟಿಕೊಂಡರೋ! ನಿವೃತ್ತಿಯಾದ ಮೇಲೆ ಮಗಳ ಮನೆಯ ಮಹಡಿ ಕೋಣೆಗೆ ಬಂದರು. ಬರುವಾಗ ತಂದದ್ದು ಎರಡು ಟ್ರಂಕು ಬಟ್ಟೆ ಮತ್ತು ಒಂದು ಮರದ ತಟ್ಟೆ. ತಟ್ಟೆಯಲ್ಲಿ ಮೂವತ್ತೊಂದು ಗುಂಡನೆಯ ಗುಳಿ, ಗುಳಿಗೊಂದು ನಾಣ್ಯ. ಎಲ್ಲವೂ ಮಧ್ಯ ಏಷ್ಯಾದ ಅಲೆಮಾರಿ ಜನರವು. ಬೇರೆ ನಾಣ್ಯ ಚಿನ್ನದ್ದೇ ಆಗಲಿ, ಅವರು ತಿರುಗಿಯೂ ನೋಡುತ್ತಿರಲಿಲ್ಲ.

"ನೋಡಿ ಅಳಿಯಂದಿರೇ, ಇವರಿಗೆ ಊರಿಲ್ಲ, ಮನೆಯಿಲ್ಲ, ಓದು ಬರಹ ಇಲ್ಲ. ಡೇರೆ ಕಿತ್ಕೊಂಡು ಕುದುರೆ ಹತ್ತೋ ಜನ. ಆದ್ರೂ ಪಕ್ಕದ ರಾಜ್ಯದವರ ನಾಣ್ಯ ನೋಡ್ಕೊಂಡು ತಮ್ಮದೂ ಒಂದಿರಲಿ ಅಂತ ಹೊಡೆದ್ರಲ್ಲ, ಎಂಥ ಛಲ!" ಅನ್ನುತ್ತಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ, ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡುತ್ತಿದ್ದರು. ಪ್ರತಿ ನಾಣ್ಯದ ಕೆಳಗೂ ದುಂಡಗೆ ಕತ್ತರಿಸಿದ ಕಾಗದದ ಚೀಟಿ ಇರುತ್ತಿತ್ತು. ನಾಣ್ಯ ಏನು, ತೂಕ ಎಷ್ಟು, ಎಲ್ಲಿಂದ ಬಂತು. ಕೈಬಿಟ್ಟು ಹೋಗಿದ್ದರೆ ಎಲ್ಲಿಗೆ ಹೋಯಿತು. ನಾಣ್ಯ ಸಂಗ್ರಹಿಸುವವರಲ್ಲಿ ಚೀಟಿಯಿಲ್ಲದ ನಾಣ್ಯಕ್ಕೆ ಅರ್ಧ ಮರ್ಯಾದೆ.

"ನಮ್ಮಪ್ಪನಿಗೆ ನಾನು ಮೂವತ್ತೆರಡನೇ ನಾಣ್ಯ, ನಂಗೊಂದು ಚೀಟಿ ಬರೆಯೋದು ಮರೆತಿದ್ದಾನೆ," ಎಂದು ಮಗಳು ಆಡಿಕೊಳ್ಳುತ್ತಿದ್ದಳು.

ಇನ್ನು ವಿಷಯಕ್ಕೆ ಬರೋಣ. ಹದಿನೇಳನೇ ಗುಳಿಯಲ್ಲಿದ್ದದ್ದು ಬೆಳ್ಳಿ ನಾಣ್ಯ. ಕುದುರೆಯ ಮೇಲೆ ಒಬ್ಬ ದೊರೆ. ಕುದುರೆ ಬಾಯಿ ತೆರೆದಿದೆ, ಬಾಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳ ಸಾಲು. ಅಂಥ ನಾಣ್ಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಮಾವ ಅದನ್ನು ಖಚಿತ ಮಾಡಿಕೊಂಡಾಗ ಅವರು ಭೂತಗನ್ನಡಿ ಹಿಡಿದೇ ಮೆಟ್ಟಿಲಿಳಿದು ಓಡಿಬಂದದ್ದನ್ನು ಅಳಿಯ ಕಣ್ಣಾರೆ ಕಂಡಿದ್ದ. ಮ್ಯೂಸಿಯಂನವರಿಗೆ ತಿಳಿಸಬೇಕು, ಅವರು ಒಪ್ಪಿದರೆ ಪುಸ್ತಕದಲ್ಲಿ ನಾಣ್ಯದ ಪಕ್ಕ ಕಂಡುಹಿಡಿದವರ ಹೆಸರು ಬರುತ್ತದೆ. ಅಂಥ ನಾಣ್ಯವನ್ನು ಅಂಚೆಯಲ್ಲಿ ಕಳಿಸುವಂತಿಲ್ಲ, ಪ್ಲಾಸ್ಟರ್ ಅಚ್ಚು ತೆಗೆದು ಕಳಿಸುವುದು ರೂಢಿ.

"ಪ್ಲಾಸ್ಟರ್ ಕಲಸೋರು ಮನೇಲೇ ಇರುವಾಗ ಹೊರಗಿನವರ ಕೈಗೆ ಯಾಕೆ ಕೊಡ್ಲಿ?" ಎಂದು ಮಾವ ನಾಣ್ಯವನ್ನು ಅಳಿಯನ ಅಂಗೈಯಲ್ಲಿಟ್ಟರು. "ಒಂದೇ ಮಾತು. ತೊಳೀಬೇಡಿ, ಉಜ್ಜಬೇಡಿ. ಆ ಕಪ್ಪು ಅದರ ಚರ್ಮ ಇದ್ದ ಹಾಗೆ."

ಅಳಿಯ ನಾಣ್ಯದ ಮೇಲೆ ರಬ್ಬರ್ ಒತ್ತಿ, ಆ ರಬ್ಬರ್ ಅಚ್ಚಿನೊಳಗೆ ಪ್ಲಾಸ್ಟರ್ ಹೊಯ್ದ. ಅಚ್ಚೇನೋ ಸೊಗಸಾಗಿ ಬಂತು. ಆದರೆ ರಬ್ಬರ್ ಅಂಟದಿರಲೆಂದು ಸವರಿದ್ದ ಎಣ್ಣೆಯ ಜಿಡ್ಡು ನಾಣ್ಯದ ಮೇಲೆ ಉಳಿಯಿತು. ಜಿಡ್ಡು ಹಾಗೇ ಬಿಟ್ಟು ವಾಪಸ್ಸು ಕೊಡುವುದು ಹೇಗೆ? ನಾಲ್ಕು ಹನಿ ನೀರು ತಾನೆ ಎಂದು ಮಹರಾಯ ನಲ್ಲಿಯ ಕೆಳಗೆ ಹಿಡಿದ. ಬೆರಳು ಜಾರಿತು. ತೊಟ್ಟಿಯ ಜಾಲರಿಯನ್ನು ಅಂದೇ ಬೆಳಿಗ್ಗೆ ತೊಳೆಯಲು ಬಿಚ್ಚಿಟ್ಟಿದ್ದ. ಟಣ್ ಎಂದು ಒಂದು ಸದ್ದು, ಅಷ್ಟೇ.

ಪೈಪು ಬಿಚ್ಚಿದ. ಮೋರಿಯ ಕಲ್ಲು ಎತ್ತಿಸಿದ. ಮೂರು ದಿನ ಮೊಣಕೈವರೆಗೆ ಕೆಸರಲ್ಲಿ ಕೈಯಾಡಿಸಿದ. ಸಿಕ್ಕಿದ್ದು ಎರಡು ಸ್ಕ್ರೂ, ಯಾರದೋ ದವಡೆ ಹಲ್ಲು. ಕೂತು ಅತ್ತೇಬಿಟ್ಟ. ಆಮೇಲೆ ಅವನ ಕೈ ತನಗೆ ಗೊತ್ತಿದ್ದ ಕೆಲಸಕ್ಕೆ ಹೊರಟಿತು. ರಬ್ಬರ್ ಅಚ್ಚಿನಿಂದ ಮೇಣದ ನಾಣ್ಯ ತೆಗೆದು, ಹಲ್ಲಿಗೆ ಬಳಸುವ ಬೆಳ್ಳಿ ಮಿಶ್ರಣದಲ್ಲಿ ಎರಕ ಹೊಯ್ದ. ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಎರಡು ದಿನ ಮುಚ್ಚಿಟ್ಟ, ಕಪ್ಪೂ ಹಿಡಿಯಿತು. ಮಾವನಿಗೆ ಆಮೇಲೆ ಸಮಯ ನೋಡಿ ಹೇಳಿದರಾಯಿತು, ಈಗ ಎದೆ ಒಡೆದುಕೊಳ್ಳುವುದು ಬೇಡ ಎಂದು ತನಗೆ ತಾನೇ ಹೇಳಿಕೊಂಡ. ನಕಲಿ ನಾಣ್ಯವನ್ನೂ ಪ್ಲಾಸ್ಟರ್ ಅಚ್ಚನ್ನೂ ಒಟ್ಟಿಗೆ ತಂದುಕೊಟ್ಟ. ಮಾವ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಅಚ್ಚು ಚೆನ್ನಾಗಿ ಬಂದಿದೆ," ಎಂದರು.

ಆ ಸಮಯ ಹನ್ನೊಂದು ವರ್ಷವಾದರೂ ಬರಲಿಲ್ಲ.

ವಿಚಿತ್ರವೆಂದರೆ ಮಾವ ಅಚ್ಚನ್ನು ಮ್ಯೂಸಿಯಂಗೆ ಕಳಿಸಲೇ ಇಲ್ಲ. ಮಗಳು ಕೇಳಿದಾಗಲೆಲ್ಲ "ಇನ್ನೂ ಸ್ವಲ್ಪ ನೋಡೋದಿದೆ ಕಣಮ್ಮ" ಎಂದು ತಳ್ಳಿಹಾಕುತ್ತಿದ್ದರು. ಮುದುಕರಿಗೆ ಅಂಚೆ ಚೀಟಿಗೂ ಜಿಪುಣತನ ಎಂದು ಅಳಿಯ ಒಳಗೊಳಗೇ ನಗುತ್ತಿದ್ದ, ಬದುಕಿದೆಯಾ ಬಡಜೀವವೇ ಎಂದು ನಿಟ್ಟುಸಿರೂ ಬಿಡುತ್ತಿದ್ದ.

ಹೋದ ಗುರುವಾರ ಹೆಂಡತಿ ಊಟಕ್ಕೆ ಬಡಿಸುತ್ತ ಬಾಂಬು ಹಾಕಿದಳು. "ರೀ, ಶನಿವಾರ ಎಲ್ಲೂ ಹೋಗ್ಬೇಡಿ. ಮ್ಯೂಸಿಯಂನಿಂದ ನಾಣ್ಯದ ಮೇಡಂ ಬರ್ತಾರೆ. ನಾನೇ ಕಾಗದ ಬರೆದಿದ್ದೆ. ಅಪ್ಪನಿಗೆ ಎಂಬತ್ತಾಯ್ತು, ಅವನ ಹೆಸರು ಒಂದು ಕಡೆ ಅಚ್ಚಾಗೋದನ್ನ ಅವನ ಕಣ್ಣಾರೆ ನೋಡ್ಲಿ."

ಅಳಿಯ ಎತ್ತಿದ ತುತ್ತನ್ನು ತಟ್ಟೆಗೇ ವಾಪಸ್ಸು ಹಾಕಿದ. ಮಾವ ತಲೆಯೆತ್ತದೆ ತಿಳಿಸಾರಿಗೆ ಅನ್ನ ಕಲಸುತ್ತಿದ್ದರು. "ಬರ್ಲಿ ಬಿಡಮ್ಮ," ಎಂದರಷ್ಟೇ.

ಶುಕ್ರವಾರ ಅವನು ವರ್ಕ್‌ಶಾಪಿನ ಕಪಾಟೆಲ್ಲ ಕಿತ್ತಾಡಿ ಹಳೇ ರಬ್ಬರ್ ಅಚ್ಚನ್ನು ಹುಡುಕಿ ತೆಗೆದ. ನಕಲು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂದು ನೋಡಿಕೊಳ್ಳುವ ಆಸೆ. ದೀಪದ ಕೆಳಗೆ ಹಿಡಿದು ಕುದುರೆಯ ಬಾಯಿ ನೋಡಿದವನು ಅಲ್ಲೇ ಸ್ಟೂಲಿನ ಮೇಲೆ ಕುಕ್ಕರಿಸಿದ. ಅಸಲಿ ಕುದುರೆಗೆ ಮುಂದಿನ ಎರಡು ಹಲ್ಲೇ ಇಲ್ಲ! ನಾಲ್ಕು ಚುಕ್ಕೆ, ನಡುವೆ ಖಾಲಿ. ಆವತ್ತು ಮೇಣದಲ್ಲಿ ಆ ಖಾಲಿ ಕಂಡಾಗ, ಗಾಳಿಗುಳ್ಳೆ ಕೂತಿರಬೇಕು ಎಂದುಕೊಂಡು ಎರಡು ಹನಿ ಮೇಣ ಇಟ್ಟು ಸೂಜಿಯಲ್ಲಿ ತೀಡಿದ್ದು ಈಗ ನೆನಪಾಯಿತು. ಎರಡು ಸಾವಿರ ವರ್ಷದ ಹಲ್ಲುಬಿದ್ದ ಕುದುರೆಗೆ ಹಲ್ಲು ಕಟ್ಟಿದ್ದ ಪುಣ್ಯಾತ್ಮ.

ಮಾವನಿಗೆ ಕಣ್ಣಿನ ಪೊರೆ, ಕಂಡಿರಲಾರದು ಎಂದು ಧೈರ್ಯ ಹೇಳಿಕೊಂಡ. ಆದರೆ ಆ ಮೇಡಂಗೆ ಪೊರೆಯಿಲ್ಲವಲ್ಲ. ನಾಳೆ ಅವರು ನಾಣ್ಯ ಎತ್ತಿ, ಇದು ಖೋಟಾ ಎಂದರೆ? ಜೀವಮಾನವಿಡೀ ಒಂದಂಕಿ ಸುಳ್ಳು ಬರೆಯದ ಮನುಷ್ಯ, ಮಗಳ ಎದುರಿಗೆ, ಸುಳ್ಳುಗಾರನಾಗಿ ನಿಲ್ಲಬೇಕು. ಅದೂ ತಾನು ಮಾಡಿದ ಪಾಪಕ್ಕೆ. ಸಂಜೆ ಮಹಡಿ ಹತ್ತಿದ.

"ಮಾವ, ಒಂದು ವಿಷಯ ಹೇಳ್ಬೇಕಿತ್ತು."

"ಹೇಳಿ ಅಳಿಯಂದಿರೇ." ಮಾವ ಓದುತ್ತಿದ್ದ ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟರು. ಕನ್ನಡಕವನ್ನೂ ತೆಗೆದರು.

"ಏನಿಲ್ಲ... ಕೆಳಗಿನ ಸೆಟ್ಟು ಸಡಿಲ ಆಗಿಲ್ಲ ತಾನೆ?"

ಮಾವ ಅವನನ್ನೇ ಒಂದು ಗಳಿಗೆ ನೋಡಿದರು. "ಇಲ್ಲ, ಗಟ್ಟಿಯಾಗೇ ಇದೆ," ಎಂದು ಪೇಪರನ್ನು ಮತ್ತೆ ಬಿಡಿಸಿದರು. ಹೇಡಿ ಎಂದು ತನ್ನನ್ನೇ ಬೈದುಕೊಳ್ಳುತ್ತ ಅವನು ಮೆಟ್ಟಿಲಿಳಿದ.

ಶನಿವಾರ ಹತ್ತು ಗಂಟೆಗೆ ಮೇಡಂ ಬಂದರು. ಬಿಳಿ ಕೈಗವಸು, ಅಂಗೈಯಗಲದ ತಕ್ಕಡಿ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ. ಮಾತು ಕಡಿಮೆ. ನಾಣ್ಯ ಎತ್ತುವುದು, ಕೆಳಗಿನ ಚೀಟಿ ಓದುವುದು, ತೂಗುವುದು, ಮಸೂರದಲ್ಲಿ ನೋಡಿ ಬರೆದುಕೊಳ್ಳುವುದು. ಮಾವ ಎದುರಿನ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಕೂತಿದ್ದರು. ಮಗಳು ಬಾಗಿಲಿಗೆ ಒರಗಿದ್ದಳು. ಬೇರೆ ಯಾರ ಮುಖದಲ್ಲೂ ಇಲ್ಲದ ಖುಷಿ ಅವಳ ಮುಖದಲ್ಲಿತ್ತು. ಅಳಿಯ ಗುಳಿಗಳನ್ನು ಎಣಿಸುತ್ತಿದ್ದ.

ಹದಿನಾಲ್ಕು. ಹದಿನೈದು. ಹದಿನಾರನ್ನು ಗುಳಿಗೆ ವಾಪಸ್ಸಿಟ್ಟು, ಮೇಡಂ ಮುಂದಿನದನ್ನು ಎತ್ತಿ ಚೀಟಿಗೆ ಕೈಹಾಕಿದರು.

"ಮೇಡಂ, ಅದನ್ನ ತೂಗ್ಬೇಡಿ!" ದನಿ ಅವನಿಗೇ ಕರ್ಕಶವಾಗಿ ಕೇಳಿಸಿತು. "ಅದು ಅಸಲಿ ಅಲ್ಲ. ನಾನು ಮಾಡಿದ್ದು. ನಮ್ಮ ಮಾವನದು ಇದ್ರಲ್ಲಿ ಏನೂ ತಪ್ಪಿಲ್ಲ, ಅವರಿಗೆ ಗೊತ್ತೇ ಇಲ್ಲ. ಅವರ ನಾಣ್ಯಾನ ನಾನು ಕಳೆದುಬಿಟ್ಟೆ."

"ರೀ! ಏನು ಮಾತಾಡ್ತಿದೀರಿ?" ಹೆಂಡತಿ ಬಾಗಿಲು ಬಿಟ್ಟು ಒಳಗೆ ಬಂದಳು.

ಮೇಡಂ ಚೀಟಿಯನ್ನು ಓದಿ ಮುಗಿಸಿ ಅವನ ಕೈಗೆ ಕೊಟ್ಟರು. ಇಷ್ಟು ವರ್ಷ ಆ ನಾಣ್ಯದ ಕಡೆ ನೋಡಲೂ ಅಂಜುತ್ತಿದ್ದವನು ಅದರ ಕೆಳಗಿನ ಚೀಟಿ ಓದುವುದುಂಟೇ? ಮಾವನ ಅಚ್ಚುಕಟ್ಟಾದ ಅಕ್ಷರ, ಹನ್ನೊಂದು ವರ್ಷ ಹಳೆಯ ಶಾಯಿ. ನಾಣ್ಯ ವಾಪಸ್ಸು ಕೊಟ್ಟ ಮಾರನೇ ದಿನದ ತಾರೀಖು.

"ಪ್ರತಿಕೃತಿ. ಹಲ್ಲಿನ ಬೆಳ್ಳಿ. ತೂಕ ಅಸಲಿಗಿಂತ ಕಾಲು ಗ್ರಾಂ ಕಡಿಮೆ. ಮಾಡಿದವರು ನಮ್ಮ ಅಳಿಯಂದಿರು. ಕುದುರೆಗೆ ಎರಡು ಹಲ್ಲು ಹೆಚ್ಚಿಗೆ ಕಟ್ಟಿದ್ದಾರೆ. ಯಾರಿಗೂ ಕೊಡತಕ್ಕದ್ದಲ್ಲ."

ಅವನು ಎರಡು ಸಲ ಓದಿದ. ಮೂರನೇ ಸಲ ಅಕ್ಷರ ಕಾಣಲಿಲ್ಲ, ಕಣ್ಣು ತುಂಬಿತ್ತು.

"ಗೊತ್ತಿತ್ತಾ ಮಾವ? ಅವತ್ತೇ?"

"ಮೂವತ್ತು ವರ್ಷ ಕೈಯಲ್ಲಿ ಹಿಡಿದ ನಾಣ್ಯ. ಗೊತ್ತಾಗಲ್ವೆ?"

"ಮತ್ತೆ ಒಂದು ಮಾತು ಬೈಲಿಲ್ಲವಲ್ಲ!"

"ನೀವೇ ಹೇಳ್ತೀರಿ ಅಂತ ಕಾದೆ. ನಿಮ್ಮ ಮೊಣಕೈಯೆಲ್ಲ ತರಚಿ ಹೋಗಿತ್ತು ಆ ವಾರ, ಮೋರಿ ವಾಸನೆ ಬರ್ತಿತ್ತು. ಏನೋ ಪಾಡು ಪಟ್ಟಿದಾರೆ ಅಂತ ನಾನೂ ಕೇಳ್ಲಿಲ್ಲ. ಆಮೇಲೆ ಕಾಯೋದೇ ಅಭ್ಯಾಸ ಆಗೋಯ್ತು. ಸಿಟ್ಟು ಬರ್ಲಿಲ್ಲ ಅಂತಲ್ಲ, ಬಂತು. ನೀವು ಕಟ್ಟಿಕೊಟ್ಟ ಹಲ್ಲನ್ನೇ ಕಚ್ಕೊಂಡು ಸುಮ್ನಿದ್ದೆ."

"ಅದಕ್ಕೇನಾ ಅಪ್ಪ, ನೀನು ಅಚ್ಚು ಕಳಿಸ್ದೇ ಇದ್ದಿದ್ದು?" ಮಗಳು ಕೇಳಿದಳು.

"ಕಳಿಸಿದ್ರೆ ಅಸಲಿ ತೋರಿಸಿ ಅಂತಿದ್ರು. ಎಲ್ಲಿಂದ ತರ್ಲಿ? ಕಳೆದೋಯ್ತು ಅಂದ್ರೆ ಹೇಗೆ ಅಂತ ಕೇಳ್ತಿದ್ರು. ಮನೆ ಮಾತು ಹೊರಗೆ ಹೋಗ್ತಿತ್ತು."

ಮುದುಕರು ಹನ್ನೊಂದು ವರ್ಷ ತಮ್ಮ ಹೆಸರನ್ನೇ ತಡೆದಿಟ್ಟುಕೊಂಡು ಕೂತಿದ್ದರು. ಅಂಚೆ ಚೀಟಿಗೆ ಜಿಪುಣತನವಂತೆ! ಅಳಿಯನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಂತಾಯಿತು.

ಮೇಡಂ ಮಸೂರ ತೆಗೆದಿಟ್ಟರು. "ಆ ಪ್ಲಾಸ್ಟರ್ ಅಚ್ಚು ಇದೆಯಾ ಸರ್?"

ಮಾವ ಎದ್ದು ಟ್ರಂಕಿನಿಂದ ಹತ್ತಿಯಲ್ಲಿ ಸುತ್ತಿದ ಡಬ್ಬಿ ತಂದರು. ಮೇಡಂ ಅಚ್ಚನ್ನು ಬೆಳಕಿಗೆ ಹಿಡಿದರು, ಮತ್ತೆ ಹಿಡಿದರು. "ಇದು ಸಾಕು ಸರ್. ಕಳೆದುಹೋದ ನಾಣ್ಯಗಳನ್ನೂ ಪುಸ್ತಕಕ್ಕೆ ಸೇರಿಸ್ತೀವಿ, ಅಚ್ಚು ಇಷ್ಟು ಚೆನ್ನಾಗಿದ್ರೆ. ನಿಮ್ಮ ಹೆಸರೂ ಬರತ್ತೆ. ಆದ್ರೆ ಎಲ್ಲಿಗೆ ಹೋಯ್ತು ಅನ್ನೋದು ಬರೆದಿರ್ಬೇಕು."

ಡಬ್ಬಿಯ ತಳದಲ್ಲಿ ಅಸಲಿ ನಾಣ್ಯದ ಹಳೇ ಚೀಟಿ ಇತ್ತು. ಏನು, ಎಷ್ಟು, ಎಲ್ಲಿಂದ, ಎಲ್ಲಾ ತುಂಬಿತ್ತು. "ಹೋದದ್ದು" ಎಂದು ಬರೆದು ಅದರ ಮುಂದೆ ಎರಡು ಸಾಲಿನಷ್ಟು ಜಾಗ ಖಾಲಿ ಬಿಟ್ಟಿದ್ದರು.

"ಇಲ್ಲಿ ಯಾಕೆ ಬಿಟ್ಟಿದೀರಿ ಸರ್?"

"ನನಗೆ ಗೊತ್ತಿಲ್ಲದ್ದನ್ನ ನಾನು ಹೇಗೆ ಬರೀಲಿ?" ಎಂದರು ಮಾವ. ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅಳಿಯನ ಮುಂದೆ ಹಿಡಿದರು. "ಗೊತ್ತಿರೋರಿಗೇ ಅಂತ ಬಿಟ್ಟಿದ್ದೆ. ಬರೀರಿ."

ಅವನು ಮೇಜಿನ ಅಂಚಿಗೆ ಕೂತು ಬರೆದ. ನನ್ನ ಕೈ ಜಾರಿ, ನನ್ನ ವರ್ಕ್‌ಶಾಪಿನ ತೊಟ್ಟಿಯಲ್ಲಿ, ತೊಳೆಯಬೇಡಿ ಎಂದಿದ್ದರೂ ತೊಳೆಯಲು ಹೋಗಿ. ಎರಡು ಸಾಲಿಗೆ ಸರಿಯಾಯಿತು.

ಮಾವ ಕನ್ನಡಕ ಹಾಕಿಕೊಂಡು ಓದಿದರು, ಶಾಯಿ ಆರುವವರೆಗೆ ಕಾದರು. ಆಮೇಲೆ ಎರಡು ಹಲ್ಲು ಹೆಚ್ಚಿದ್ದ ಕುದುರೆಯನ್ನು ಅದರ ಗುಳಿಯಲ್ಲೇ ಮತ್ತೆ ಇಟ್ಟು, "ಮುಂದಿನದು ನೋಡಿ ಮೇಡಂ," ಎಂದರು.