ಐವತ್ತು ಹುಣಸೆಬೀಜ

"ಇನ್ನೊಂದು ಸುತ್ತು ಇಳಿಸ್ಲಾ?" ಉಜ್ಜಪ್ಪ ಸ್ಕ್ರೂಡ್ರೈವರ್ ಹಿಡಿದು ಗಿಟಾರಿನ ಮೇಲೆ ಬಗ್ಗಿದ್ದ. "ತೀರಾ ಹತ್ರ ಇಟ್ರೆ ಅಯಸ್ಕಾಂತ ತಂತೀನ ಹಿಡ್ದು ಎಳೀತದೆ ಮಾರಾಯ್ರೆ. ಸ್ವರ ನಡುಗ್ತದೆ."

"ಅರ್ಧ ಸುತ್ತು ಸಾಕ್ರಿ," ಎಂದ ಮಹಾಂತೇಶ, ಉಸಿರು ಬಿಗಿಹಿಡಿದು.

ಸೊರಬದ ಬಸ್ ಸ್ಟ್ಯಾಂಡಿನ ಹಿಂದೆ ಉಜ್ಜಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟುಗಳು ಬಾಗಿಲವರೆಗೂ ಪಾಳಿ ಹಚ್ಚಿ ಕೂತಿದ್ದವು. ಅವುಗಳ ನಡುವೆ ಬೆಂಚಿನ ಮೇಲೆ ಹಳೇ ಸೀರೆ ಹಾಸಿ ಮಹಾಂತೇಶನ ಕೆಂಪು ಗಿಟಾರನ್ನು ಮಲಗಿಸಿದ್ದರು. ಶಿಕಾರಿಪುರದಲ್ಲಿ ಅಪ್ಪನ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದುಕೊಡುವ ಮಹಾಂತೇಶ ಹನ್ನೊಂದು ವರ್ಷದಿಂದ ಈಶ್ವರನ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದ. ಆ ಗಿಟಾರಿನ ಪಿಕಪ್ಪು, ಅಂದರೆ ತಂತಿಗಳ ಕೆಳಗೆ ಕೂತು ಅವುಗಳ ಮಿಡಿತವನ್ನು ಕರೆಂಟು ಮಾಡಿ ಆಂಪ್ಲಿಫೈಯರಿಗೆ ಕಳಿಸುವ ಬೆರಳುದ್ದದ ಸುರುಳಿ, ಕೊಂಡ ದಿನದಿಂದಲೂ ಮೂಗಿನಲ್ಲೇ ಮಾತಾಡುತ್ತಿತ್ತು. ಮಹಾಂತೇಶನಿಗೆ ಬೇಕಿದ್ದುದು ಹಳೆಯ ಹಾರ್ಡ್ ರಾಕ್ ಕ್ಯಾಸೆಟ್ಟುಗಳಲ್ಲಿ ಕೇಳಿದ ದಪ್ಪ ದನಿ. ಅದು ಗುಡುಗಬೇಕು, ಗುಡುಗಿನೊಳಗೂ ಆರು ತಂತಿ ಬೇರೆ ಬೇರೆ ಕೇಳಬೇಕು.

ಶಿರಾಳಕೊಪ್ಪದಲ್ಲಿ ಟ್ರ್ಯಾಕ್ಟರ್ ಶೋರೂಮಿನ ಉದ್ಘಾಟನೆಗೆ ಕಾರ್ಯಕ್ರಮ ಸಿಕ್ಕಾಗ ಈಶ್ವರನೇ ಹೇಳಿದ್ದ: "ಈ ಸಲ ಶುರುವಿಗೆ ನಿನ್ನ ಗಿಟಾರು ಒಂದೇ. ಐದು ನಿಮಿಷ. ಪಿಕಪ್ ಬದಲಿಸ್ಕೊಂಡು ಬಿಡಲೇ." ಹನ್ನೊಂದು ವರ್ಷ ಹಾಡುವವರ ಬೆನ್ನು ನೋಡುತ್ತ ನಿಂತವನಿಗೆ ಆ ಐದು ನಿಮಿಷ ದೊಡ್ಡ ಆಸ್ತಿಯಂತೆ ಕಂಡಿತ್ತು.

ಆಯ್ದುಕೊಳ್ಳಲು ಎರಡು ಪಿಕಪ್ಪಿದ್ದವು. ಒಂದು ಈಶ್ವರ ಮುಂಬಯಿಯಿಂದ ತರಿಸಿದ್ದು. ಹೊಸದು, ಸ್ಪೀಕರಿನ ಬೆನ್ನಿಗಿರುವಂಥ ಕರೀ ಅಯಸ್ಕಾಂತದ್ದು. ಇನ್ನೊಂದು ಯಾವುದೋ ಪರದೇಶದ ಗಿಟಾರು ಸತ್ತಾಗ ಕಿತ್ತಿಟ್ಟ ಜೋಡಿ ಸುರುಳಿಯ ಮುದುಕ. ಅದರ ಒಳತಂತಿ ಹರಿದುಹೋಗಿತ್ತು. ಉಜ್ಜಪ್ಪ ಕೂದಲೆಳೆಯಂಥ ತಾಮ್ರದ ತಂತಿಯಲ್ಲಿ ಅದನ್ನು ಹೊಸದಾಗಿ ಸುತ್ತಿದ್ದ. ನೂರು ಸುತ್ತಾದರೆ ಒಂದು ಹುಣಸೆಬೀಜ ಎಡದಿಂದ ಬಲಕ್ಕೆ. ಮೋಟಾರಿಗಾದರೂ ಅವನ ಎಣಿಕೆ ಅದೇ. ಒಂದೊಂದು ಸುರುಳಿಗೆ ಐವತ್ತು ಬೀಜ ದಾಟಿದ್ದವು.

ಮೊದಲು ಮುಂಬಯಿಯದನ್ನು ಕೂರಿಸಿ ಬಾರಿಸಿದ್ದರು. ಅಂಗಡಿಯ ತಗಡು ಅದುರಿತ್ತು.

"ಇದಪ್ಪಾ ಅಂದ್ರೆ!" ಜೊತೆಗೆ ಬಂದಿದ್ದ ಈಶ್ವರ ತೊಡೆ ತಟ್ಟಿದ್ದ.

"ಜೋರೈತಿ. ಆದ್ರ ಆರು ಮಂದಿ ಒಂದೇ ಸಲ ಬೈದಂಗೈತಿ, ಯಾರು ಏನಂದ್ರು ತಿಳಿಯಂಗಿಲ್ಲ," ಎಂದಿದ್ದ ಮಹಾಂತೇಶ.

ಈಗ ಮುದುಕನ ಸರದಿ. ಮಹಾಂತೇಶ ಆಂಪ್ಲಿಫೈಯರನ್ನು ಇನ್ನಷ್ಟು ತಿರುವಿ, ಆರೂ ತಂತಿ ಒಟ್ಟಿಗೆ ಮೀಟಿ ಒಂದು ಕಾರ್ಡ್ ಹೊಡೆದ. ದನಿ ಒರಟಾಗಿ ಎದ್ದಿತು, ನಡುವೆ ಎದೆ ತುಂಬಿಕೊಂಡಿತು. ಕೊನೆಯಲ್ಲಿ ಒಂದೊಂದು ತಂತಿಯೂ ಹೆಸರು ಹೇಳಿ ಇಳಿದುಹೋದಂತೆ ಕೇಳಿತು. ಉಜ್ಜಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಜೋರಿನ ಕೆಲಸ ಆಂಪ್ಲಿಫೈಯರ್ ಮಾಡ್ಲಿ," ಎಂದ ಮಹಾಂತೇಶ, ನಗು ತಡೆಯಲಾಗದೆ. "ಇದು ಮಾತಾಡ್ತೈತಿ. ಇದೇ ಇರ್ಲಿ."

"ನಿಂಗೆ ಸರಿ ಕಂಡ್ರೆ ಸರಿ." ಈಶ್ವರ ಚೀಲದಿಂದ ಟೇಪ್‌ರೆಕಾರ್ಡರ್ ತೆಗೆದು ಮೈಕನ್ನು ಸ್ಪೀಕರಿನ ಮುಂದಿಟ್ಟ. "ಒಂದೊಂದೇ ಸ್ವರ ಬಾರ್ಸು. ಮನೇಲಿ ತಣ್ಣಗೆ ಕೂತು ಕೇಳೋಣ. ನಡುವೆ ಕೈ ಇಡಬ್ಯಾಡ, ಸ್ವರ ತಾನಾಗೇ ಸಾಯ್ಲಿ."

"ಮತ್ತ ಮುಂಬಯಿದು? ಎರಡೂ ಇದ್ರ ತಾನೇ ಹೋಲ್ಸೋದು?"

"ಅದ್ಯಾಕ ಬಿಡಲೇ."

ಮಹಾಂತೇಶ ಶ್ರದ್ಧೆಯಿಂದ ಬಾರಿಸಿದ. ಆರನೇ ತಂತಿಯ ಕೆಳಗಿನ ಸ್ವರ ಸಾಯುತ್ತಿರುವಾಗ ಉಜ್ಜಪ್ಪನ ಹೆಂಡತಿ ಹಾಲಮ್ಮ ಚಾ ತಂದವಳು, ಬೆಂಚಿನ ತುದಿಯ ಬೀಜಗಳನ್ನು ಗೋರಿ ಡಬ್ಬಿಗೆ ಸುರಿದಳು. ಟಪ್, ಟಪ್, ಟಪಟಪ.

"ಏ, ರೆಕಾರ್ಡ್ ಆಗ್ತಾ ಅದೆ ಮಾರಾಯ್ತಿ!" ಉಜ್ಜಪ್ಪ ಕೈ ಬೀಸಿದ.

"ಆಗ್ಲಿ. ನನ್ನ ಬೀಜಾನೂ ಸ್ವಲ್ಪ ಹಾಡ್ಲಿ."

"ಇನ್ನೊಂದ್ಸಲ ಬಾರಿಸ್ತೀನಿ ತಡಿ," ಎಂದ ಮಹಾಂತೇಶ.

"ಬ್ಯಾಡ, ನಡೀತೈತಿ." ಈಶ್ವರ ಆಗಲೇ ಮುಂದಿನ ಸ್ವರಕ್ಕೆ ಬೆರಳು ತೋರಿಸುತ್ತಿದ್ದ.

ವಾರದ ಮೇಲೆ ಈಶ್ವರ ಜವಳಿ ಅಂಗಡಿಗೆ ಬಂದು, ಶೋರೂಮಿನವರು ಕಾರ್ಯಕ್ರಮ ರದ್ದು ಮಾಡಿದರೆಂದು ಹೇಳಿ, ಮಹಾಂತೇಶನ ಹೆಗಲು ತಟ್ಟಿ, ಅರ್ಧ ಚಾ ಕುಡಿದು ಹೋದ. ಮಹಾಂತೇಶ ಅವನನ್ನೇ ಸಮಾಧಾನ ಮಾಡಿ ಕಳಿಸಿದ್ದ.

ಕಾರ್ಯಕ್ರಮ ಆಗಬೇಕಿದ್ದ ಭಾನುವಾರ ಮಧ್ಯಾಹ್ನ ಉಜ್ಜಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಜವಳಿ ಅಂಗಡಿಯ ಮೆಟ್ಟಿಲು ಹತ್ತಿದ.

"ಇನ್ನೂ ಇಲ್ಲೇ ಇದೀರಲ್ರೀ! ನಾಲ್ಕಕ್ಕೆ ಶುರು ಅಂತ ನಮ್ ಬಸ್ ಸ್ಟ್ಯಾಂಡಲ್ಲಿ ಪೋಸ್ಟರ್ ಹಚ್ಚಿದಾರೆ. ನನ್ನ ಸುರುಳಿ ಹೆಂಗೆ ಗುಡುಗ್ತದೆ ನೋಡ್ಬೇಕು, ನಿಮ್ ಜೊತೇಲೇ ಹೋಗೋಣ ಅಂತ ಎರಡು ಬಸ್ ಹಿಡಿದು ಬಂದೆ."

ಮಹಾಂತೇಶನ ಕೈಯಲ್ಲಿ ಮೀಟರ್ ಕೋಲು ಹಾಗೇ ನಿಂತಿತು. "ರದ್ದಾಗಿತ್ತಲ್ರಿ. ಮತ್ತ ಇಟ್ಕೊಂಡಾರೇನೋ. ಈಶ್ವರಂಗ ತಿಳಿಸೋಕ ಪುರುಸೊತ್ತಾಗಿಲ್ಲ," ಎಂದ. ಗಿಟಾರನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಓಡಿದ. ಬಸ್ಸಿನಲ್ಲಿ ಶಿರಾಳಕೊಪ್ಪದವರೆಗೂ ಆ ಪುರುಸೊತ್ತಿನ ಮಾತನ್ನೇ ನಾಲ್ಕು ಸಲ ಹೇಳಿದ. ಉಜ್ಜಪ್ಪ ನಾಲ್ಕು ಸಲವೂ ಹೂಂ ಎಂದ.

ಬಸ್ಸಿಳಿದು ತಿರುಗಿದರೆ ಪೆಂಡಾಲು ಕಾಣುವ ಮೊದಲೇ ದನಿ ಬಂತು. ಒರಟಾಗಿ ಎದ್ದು ನಡುವೆ ಎದೆ ತುಂಬಿಕೊಂಡ ಅದೇ ದನಿ. ಮಹಾಂತೇಶ ತನ್ನ ಹೆಗಲ ಮೇಲಿನ ಚೀಲವನ್ನು ಮುಟ್ಟಿ ನೋಡಿಕೊಂಡ.

ವೇದಿಕೆಯ ಮುಂಭಾಗದಲ್ಲಿ, ನಟ್ಟನಡುವೆ ಈಶ್ವರ ಹೊಸ ಕೀಬೋರ್ಡಿನ ಹಿಂದೆ ನಿಂತಿದ್ದ. ಗಿಟಾರಿನವನ ಜಾಗದಲ್ಲಿ ಒಂದು ಟೇಬಲ್ ಫ್ಯಾನು ತಿರುಗುತ್ತಿತ್ತು. "ನೋಡ್ರಿ, ಗಿಟಾರೇ ಇಲ್ಲ!" ನಿರೂಪಕ ಮೈಕಿನಲ್ಲಿ ಕೂಗುತ್ತಿದ್ದ. "ಈ ಮಷೀನಿಗೆ ಟೇಪಿನಿಂದ ಯಾವ ಸದ್ದು ತುಂಬಿದ್ರೂ ಹಂಗೇ ನುಡೀತೈತಿ! ಚಪ್ಪಾಳೆ!"

ಈಶ್ವರ ಎಡಗೈಯ ಬೆರಳೊಂದನ್ನು ಕೆಳಗಿನ ಸ್ವರಕ್ಕೆ ಒತ್ತಿ ಹಿಡಿದ. ಆರನೇ ತಂತಿ ಗುಡುಗಿತು, ಇಳಿಯಿತು. ಅದರ ಬಾಲದಲ್ಲಿ, ತೀರಾ ಸಣ್ಣಗೆ, ಟಪ್, ಟಪ್, ಟಪಟಪ.

"ಅರೇ, ನಮ್ ಹಾಲಮ್ಮನ ಡಬ್ಬಿ ಸಪ್ಪಳ ಅಲ್ವೇನ್ರೀ ಅದು?" ಉಜ್ಜಪ್ಪ ಹಿಗ್ಗಿ ನಕ್ಕ. ನಗುತ್ತಲೇ ಮಹಾಂತೇಶನ ಕಡೆ, ಅವನ ಹೆಗಲ ಚೀಲದ ಕಡೆ ತಿರುಗಿದ. ಬಾಯಿ ಹಾಗೇ ತೆರೆದಿತ್ತು, ನಗು ಹೋಗಿತ್ತು.

ಈಶ್ವರ ಅವರನ್ನು ನೋಡಿದ. ಒಂದು ಕ್ಷಣ ಅಷ್ಟೇ. ಆಮೇಲೆ ತಲೆ ಬಗ್ಗಿಸಿ ಅದೇ ಕೀಲಿಯನ್ನು ಮತ್ತೆ ಒತ್ತಿದ.

ಮಹಾಂತೇಶನ ಕೈ ಚೀಲದ ಬಟ್ಟೆಯ ಮೇಲಿಂದಲೇ ಆರನೇ ತಂತಿಯನ್ನು ಹುಡುಕಿ, ಸ್ವರ ನಿಲ್ಲಿಸುವಾಗ ಅದುಮುವಂತೆ ಗಟ್ಟಿಯಾಗಿ ಅದುಮಿ ಹಿಡಿಯಿತು. ಪೆಂಡಾಲಿನ ತುಂಬ ಸ್ವರ ಇನ್ನೂ ಇಳಿಯುತ್ತಿತ್ತು, ಮತ್ತೆ ಬೀಜಗಳು ಒಂದೊಂದಾಗಿ ಡಬ್ಬಿಗೆ ಬೀಳತೊಡಗಿದವು.