ಕುರ್ಚಿಯ ಮೇಲಿನ ಆಣೆ

ಗೋವಾದ ಸಡಾ ಗುಡ್ಡದಲ್ಲಿ ನಮ್ಮ ಮೇಲಿನ ಓಣಿಗೆ ನೀರು ಹತ್ತುವುದಿಲ್ಲ, ಎಂಪಿಗಳು ಮಾತ್ರ ಹತ್ತುತ್ತಾರೆ. ಅದೂ ಚುನಾವಣೆ ಬಂದಾಗ, ಏದುಸಿರು ಬಿಡುತ್ತ. ಓಣಿಯ ಬಾಯಲ್ಲೇ ನನ್ನ ಕಿರಾಣಿ ಅಂಗಡಿ ಇರುವುದರಿಂದ ಅವರು ದಣಿವಾರಿಸಿಕೊಳ್ಳುವುದು ನನ್ನ ಬೆಂಚಿನ ಮೇಲೆ. ಓಣಿಯವರೆಲ್ಲ ಕನ್ನಡಿಗರು; ನನಗೆ ಕೊಂಕಣಿ ಬರುತ್ತದೆಂದು ದುಭಾಷಿ ಕೆಲಸವೂ ನನಗೇ. ಬಿಟ್ಟಿ ಕೆಲಸ.

ಪಕ್ಕದ ಮನೆಯ ರುದ್ರವ್ವ ಈ ಲೋಕಸಭಾ ಕ್ಷೇತ್ರಕ್ಕೆ ಮುರಗಾಂವ ಎಂಬ ಹೆಸರಿದ್ದಾಗಿನಿಂದ ಓಟು ಹಾಕುತ್ತಿದ್ದಾಳೆ. ಮುಂದೆ ಅದು ದಕ್ಷಿಣ ಗೋವಾ ಆಯಿತು. ಗೆದ್ದವರು ಬದಲಾದರು, ಪಕ್ಷಗಳು ಬದಲಾದವು. ಕೆಳಗಿನ ನಳದಿಂದ ಕೊಡ ಹೊತ್ತು ಹತ್ತುವುದು ಮಾತ್ರ ಅವಳಿಗೆ ತಪ್ಪಲಿಲ್ಲ. ನೀರು ಕೇಳಿದರೆ ಬಂದವರೆಲ್ಲ "ಜಾತಲೆಂ, ಜಾತಲೆಂ" ಎನ್ನುವವರೇ. ಆಗುತ್ತದೆ, ಆಗುತ್ತದೆ ಎಂದು. ಆಕಳಿಸಿದಷ್ಟು ಸಲೀಸಾಗಿ!

ಈ ವರ್ಷ ಅವಳ ಮೊಣಕಾಲು ಕೈಕೊಟ್ಟಿತು. ಬಂದರಿನಲ್ಲಿ ದುಡಿಯುವ ಮಗ ಈರೇಶನಿಗೆ ತಾಯಿಯ ನರಳಾಟ ನೋಡಲಾಗಲಿಲ್ಲ.

"ಯವ್ವಾ, ದೀಪಾವಳಿ ತನಕ ನೋಡ್ತೇನಿ. ನೀರು ಮ್ಯಾಲ ಬರಲಿಲ್ಲಂದ್ರ ಈ ಮನಿ ಬಿಟ್ಟ ಬಿಡೋಣು. ಝುವಾರಿನಗರದಾಗ ಬಾಡಿಗಿ ಖೋಲಿ ನೋಡೇನಿ" ಅಂದ.

ಆ ಮನೆಯ ಕಲ್ಲುಗಳನ್ನೆಲ್ಲ ತಲೆಯ ಮೇಲೆ ಹೊತ್ತು ತಂದವಳು ರುದ್ರವ್ವ. ಕೇಳಿ ನನಗೇ ಸಂಕಟವಾಯಿತು.

ಅಷ್ಟರಲ್ಲಿ ಚುನಾವಣೆ ಬಂತು. ಹಾಲಿ ಎಂಪಿ ಸಾಹೇಬರು ಮತ್ತೆ ಗುಡ್ಡ ಹತ್ತಿದರು. ರುದ್ರವ್ವ ಹಾರ ತರಲಿಲ್ಲ, ಆರತಿ ತರಲಿಲ್ಲ. ತಾಟಿನಲ್ಲಿ ಎಲ್ಲಮ್ಮನ ಭಂಡಾರ, ಆ ಹಳದಿ ಪುಡಿ, ತಂದಳು. ನಮ್ಮ ಬೆಳಗಾವಿ ಕಡೆ ಓಟು ಕೇಳುವವರು ಜನರಿಂದ ಭಂಡಾರ ಮುಟ್ಟಿಸಿ ಆಣೆ ಮಾಡಿಸಿಕೊಳ್ಳುವುದುಂಟು. ಮುಟ್ಟಿದ ಮೇಲೆ ಮಾತು ತಪ್ಪಲು ಎದೆ ನಡುಗುತ್ತದೆ. ರುದ್ರವ್ವ ಆ ಪದ್ಧತಿಯನ್ನೇ ತಿರುಗಿಸಿ ಹಿಡಿದಿದ್ದಳು.

ಸಾಹೇಬರು ಸ್ವಾಗತದ ಅರಿಷಿಣವೆಂದು ತಿಳಿದು ನಗುನಗುತ್ತ ಕೈ ಚಾಚಿದರು. ನಾನು ತಡೆದೆ. "ಇದು ದೇವಿಯ ಆಣೆ. ಮುಟ್ಟಿ ಹೇಳಿದರೆ ನಡೆಸಲೇಬೇಕು" ಎಂದು ಕೊಂಕಣಿಯಲ್ಲಿ ಬಿಡಿಸಿ ಹೇಳಿದೆ.

ಚಾಚಿದ ಕೈ ಅಲ್ಲೇ ನಿಂತಿತು. ಜಾತಲೆಂ ಬಾಯಿಗೆ ಬರಲಿಲ್ಲ. ಯೋಚಿಸಿ, "ಮನೆಮನೆಗೆ ನಳ ನನ್ನ ಕೈಯಲ್ಲಿಲ್ಲ. ಎಂಪಿ ನಿಧಿಯಿಂದ ಓಣಿಗೊಂದು ನೀರಿನ ಟಾಕಿ, ಒಂದು ಪಂಪು ಹಾಕಿಸಬಲ್ಲೆ" ಎಂದು ಭಂಡಾರ ಮುಟ್ಟಿದರು.

"ಇಷ್ಟು ಮಂದ್ಯಾಗ ಇವರೊಬ್ಬರ ನೋಡ್ರಿ ಆಗೂದಿಲ್ಲ ಅಂದಾವ್ರು. ಖರೇ ಮನಷಾ" ಅಂದಳು ರುದ್ರವ್ವ.

ಖರೇ ಮನುಷ್ಯ ಸೋತುಬಿಟ್ಟರು.

ಓಣಿಗೆ ಓಣಿಯೇ ನಕ್ಕಿತು. ಈರೇಶ ಅಟ್ಟದಿಂದ ಟ್ರಂಕು ಇಳಿಸಿದ. "ಹೊಳಿಯಾಗ ಹುಣಸಿಹಣ್ಣು ತೊಳದಂಗಾತು ಬಿಡಬೇ" ಅಂದ.

"ಟ್ರಂಕು ಹಂಗ ಇರ್ಲಿ" ಎಂದವಳೇ ರುದ್ರವ್ವ ನನ್ನ ಅಂಗಡಿಗೆ ಬಂದಳು. "ಸಾವಕಾರ್ರ, ಬಾಗಲಾ ಹಾಕ್ರಿ. ಮಡಗಾಂವಕ್ಕ ಹೋಗೂದೈತಿ."

ವ್ಯಾಪಾರದ ಹೊತ್ತಿನಲ್ಲಿ ಬಾಗಿಲು ಹಾಕುವುದೇ? ಗೊಣಗುತ್ತಲೇ ಹಾಕಿದೆ. ಕುಂಟುವ ಅವಳನ್ನು ಬಸ್ಸು ಹತ್ತಿಸಿ, ಹೊಸ ಎಂಪಿಯ ಕಚೇರಿಗೆ ಕರೆದೊಯ್ದೆ. ಅವಳು ಸೆರಗಿನಿಂದ ಭಂಡಾರದ ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು. ನಾನು ಕಥೆಯೆಲ್ಲ ಹೇಳಿದೆ. ಹೊಸಬರು ನಕ್ಕರು. "ಆಣೆ ಮಾಡಿದವರು ಅವರು. ಅವರನ್ನೇ ಕೇಳಿ ಅಮ್ಮಾ."

ನನ್ನ ಪಿತ್ತ ನೆತ್ತಿಗೇರಿತು. ರುದ್ರವ್ವನಿಗೆ ಏನೂ ಆಗಲಿಲ್ಲ.

"ಅವರು ತಮ್ಮ ಮನಿಯಿಂದ ಕೊಡ್ತೇನಿ ಅಂದಿದ್ದಿಲ್ರಿ. ಈ ಕುರ್ಚಿಯಿಂದ ಕೊಡ್ತೇನಿ ಅಂದಿದ್ರು. ಕುಂತಾವ್ರು ಎದ್ದು ಹೋಗ್ತಾರ, ಕುರ್ಚಿ ಎಲ್ಲಿಗೆ ಹೋಗ್ತೈತಿ? ನಾವು ಓಟು ಹಾಕಿ ಕುಂದ್ರಿಸೂ ಕುರ್ಚಿ ಇದು. ಆಣಿ ಇದರ ಮ್ಯಾಲ ಐತಿ."

ಒಂದು ಮಾತೂ ಬಿಡದೆ ಕೊಂಕಣಿಯಲ್ಲಿ ಹೇಳಿದೆ. ಇಂಥ ದುಭಾಷಿ ಕೆಲಸ ಬಿಟ್ಟಿಯಾದರೂ ಚಿಂತೆಯಿಲ್ಲ ಅನ್ನಿಸಿತು. ಹೊಸಬರ ನಗು ನಿಂತಿತು. ಕುರ್ಚಿಯ ಕೈಯನ್ನೊಮ್ಮೆ ಸವರಿ, "ಟಾಕಿ ಮತ್ತು ಪಂಪು, ಅಷ್ಟೇ ತಾನೇ?" ಎಂದು ಭಂಡಾರ ಮುಟ್ಟಿದರು.

ದೀಪಾವಳಿಗೆ ಮುಂಚೆ ಟಾಕಿ ತುಂಬಿತು. ಉದ್ಘಾಟನೆಗೆ ಹೊಸಬರು ಬಂದರು. ಕರೆಯದಿದ್ದರೂ ಸೋತವರು ಬಂದು ಗುಂಪಿನ ಹಿಂದೆ ನಿಂತರು. ರುದ್ರವ್ವ ಮೊದಲ ತಂಬಿಗೆ ನೀರನ್ನು ಸೋತವರಿಗೆ ಕೊಟ್ಟಳು, ಎರಡನೆಯದನ್ನು ಗೆದ್ದವರಿಗೆ.

ಈರೇಶ ಟ್ರಂಕನ್ನು ಮತ್ತೆ ಅಟ್ಟಕ್ಕೆ ಹತ್ತಿಸಿದ. ರುದ್ರವ್ವ ಭಂಡಾರದ ತಾಟು ತೊಳೆದು ಗೋಡೆಗೆ ಆನಿಸಿದಳು.

"ಇನ್ನ ರಸ್ತಾ ಕೇಳೂದೈತಿ. ಯಾರರ ಆರಿಸಿ ಬರ್ಲಿ" ಅಂದಳು.